ಗಾಳಿಯಲ್ಲೇ ಆಲ್ಕೋಹಾಲ್ ಆಕ್ಸಿಡೇಶನ್: ತಾಮ್ರವೋ, ಕಬ್ಬಿಣವೋ, ಪಲ್ಲಾಡಿಯಮ್ಮೋ?

ಈ ಮಳೆಗಾಲದಲ್ಲಿ ಮೂರು ಜನ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಶಂಕರಘಟ್ಟದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿರುವ ಹುಡುಗಿ. ಇನ್ನೊಬ್ಬರು ತೀರ್ಥಹಳ್ಳಿ ಕಡೆಯ ಕಾಲೇಜೊಂದರ ಕೆಮಿಸ್ಟ್ರಿ ಮೇಷ್ಟ್ರು. ಮೂರನೆಯವರು ಸಾಗರದ ಹತ್ತಿರ ಹುಲ್ಲಿನ ಎಣ್ಣೆ ಬಟ್ಟಿ ಇಳಿಸುವವರು. ಪ್ರಶ್ನೆ ಇಷ್ಟೇ: ಕ್ರೋಮಿಯಂ ಮುಟ್ಟದೆ, ಗಾಳಿಯಲ್ಲಿರುವ ಆಕ್ಸಿಜನ್‌ನಿಂದಲೇ ಆಲ್ಕೋಹಾಲನ್ನು ಆಲ್ಡಿಹೈಡ್ ಅಥವಾ ಕೀಟೋನ್ ಮಾಡಬೇಕು. ಯಾವ ಲೋಹದ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯನ್ನು ಬೇಗ ನಡೆಸುವ ವಸ್ತು) ತಗೊಳ್ಳಲಿ?

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಒಬ್ಬರಿಗೆ ತಾಮ್ರ ಅಂದೆ. ಒಬ್ಬರಿಗೆ ತಾಮ್ರದ ಜೊತೆ ಕಬ್ಬಿಣವನ್ನೂ ಇಟ್ಟುಕೊಳ್ಳಿ ಅಂದೆ. ಸಾಗರದವರಿಗೆ ಯಾವುದೂ ಬೇಡ ಅಂದೆ. ಯಾಕೆ ಅಂತ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಕ್ರೋಮಿಯಂ ವಿಚಾರ. ಪಿ.ಸಿ.ಸಿ. (ಪಿರಿಡಿನಿಯಂ ಕ್ಲೋರೋಕ್ರೋಮೇಟ್) ಎಂಬ ಕ್ರೋಮಿಯಂನ ಕಿತ್ತಳೆ ಪುಡಿ ನಮ್ಮ ಲ್ಯಾಬ್‌ಗಳಲ್ಲಿ ಹಳೆಯ ಪರಿಚಯ. ಕೆಲಸ ಚೆನ್ನಾಗಿ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದು ಮಿಲಿಮೋಲ್ ಬೆಂಜೈಲ್ ಆಲ್ಕೋಹಾಲ್, ಅಂದರೆ 108 ಮಿ.ಗ್ರಾಂ.ಗೆ, ಮೋಲ್ ಲೆಕ್ಕದಲ್ಲಿ ಒಂದೂವರೆ ಪಟ್ಟು ಪಿ.ಸಿ.ಸಿ. ಹಾಕಿದರೆ 323 ಮಿ.ಗ್ರಾಂ. ಬೇಕು. ಬರುವ ಬೆಂಜಾಲ್ಡಿಹೈಡ್ ಹೆಚ್ಚೆಂದರೆ 106 ಮಿ.ಗ್ರಾಂ. ಸಿಗುವ ಮಾಲಿಗಿಂತ ಕಸವೇ ಜಾಸ್ತಿ, ಅಲ್ವಾ? ಮೂವತ್ತು ಮಕ್ಕಳ ಒಂದು ಪ್ರಾಕ್ಟಿಕಲ್ ಕ್ಲಾಸಿಗೆ ಸುಮಾರು 9.7 ಗ್ರಾಂ ಆಯಿತು. ಅದೂ ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವ ವಸ್ತು. ಶಿವಮೊಗ್ಗ ತುಂಗೆಯ ದಡದಲ್ಲಿದೆ, ಶಂಕರಘಟ್ಟ ಭದ್ರಾ ಡ್ಯಾಮಿನ ಪಕ್ಕದಲ್ಲಿದೆ. ಎರಡೂ ಹೊಳೆ ಕೂಡಲಿಯಲ್ಲಿ ಸೇರುತ್ತವೆ. ನಮ್ಮ ಸಿಂಕಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದ ದಿನದಿಂದ ನನಗೆ ಆ ಕಿತ್ತಳೆ ಬಾಟಲಿ ತೆರೆಯುವ ಮನಸ್ಸೇ ಬರುತ್ತಿಲ್ಲ.

ಗಾಳಿಯಿಂದ ಆಕ್ಸಿಡೇಶನ್ ಅಂದರೆ ಏನೋ ಹೊಸ ಚಮತ್ಕಾರ ಅಂದುಕೊಳ್ಳಬೇಡಿ. ಬೈನೆ ಕಳ್ಳು ಇಟ್ಟಲ್ಲೇ ಹುಳಿಯಾಗುವುದು ಗಾಳಿಯಿಂದಲೇ. ಅಲ್ಲಿ ಕೆಲಸ ಮಾಡುವುದು ಲೋಹವಲ್ಲ, ಬ್ಯಾಕ್ಟೀರಿಯಾ. ಪ್ಲೈವುಡ್ ಅಂಟಿಗೆ ಬೇಕಾದ ಫಾರ್ಮಾಲ್ಡಿಹೈಡನ್ನು ಕಾರ್ಖಾನೆಗಳು ಮೆಥನಾಲ್ ಆವಿ ಮತ್ತು ಗಾಳಿಯನ್ನು 600 ಡಿಗ್ರಿಗಿಂತ ಹೆಚ್ಚು ಕಾದ ಬೆಳ್ಳಿಯ ಮೇಲೆ ಹಾಯಿಸಿ ಮಾಡುತ್ತವೆ. ನಮಗೆ ಬೇಕಾದದ್ದು ಅದೇ ಕೆಲಸ. ಆದರೆ ಗಾಜಿನ ಫ್ಲಾಸ್ಕಿನಲ್ಲಿ, ಮೆದು ಬಿಸಿಯಲ್ಲಿ, ಬೇರೆ ಗುಂಪುಗಳನ್ನು ಕೆಡಿಸದೆ ಆಗಬೇಕು.

ಲೋಹ ಆರಿಸುವ ಮೊದಲು

ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ನಿಮ್ಮ ಆಲ್ಕೋಹಾಲ್ ಯಾವುದು? ಪ್ರೈಮರಿಯೋ (ಓ.ಎಚ್. ಇರುವ ಕಾರ್ಬನ್ನಿಗೆ ಇನ್ನೊಂದೇ ಕಾರ್ಬನ್ ಅಂಟಿದ್ದು) ಸೆಕೆಂಡರಿಯೋ (ಎರಡು ಕಾರ್ಬನ್ ಅಂಟಿದ್ದು)? ಬೆಂಜೀನ್ ಉಂಗುರದ ಪಕ್ಕದಲ್ಲಿದೆಯೋ, ಡಬಲ್ ಬಾಂಡ್ ಪಕ್ಕದಲ್ಲಿದೆಯೋ, ಉದ್ದನೆಯ ಬರೀ ಕಾರ್ಬನ್ ಸರಪಳಿಯೋ? ಅದೇ ಅಣುವಿನಲ್ಲಿ ಗಂಧಕ, ಅಮೈನ್, ಫಿನಾಲ್, ತುದಿಯ ಡಬಲ್ ಬಾಂಡ್ ಅಥವಾ ಟ್ರಿಪಲ್ ಬಾಂಡ್ ಇದೆಯಾ? ಇದನ್ನು ಹೇಳದೆ ಯಾವ ಕ್ಯಾಟಲಿಸ್ಟ್ ಚೆನ್ನ ಎಂದು ಕೇಳಿದರೆ ಉತ್ತರವೇ ಇಲ್ಲ. ತುಂಬಾ ಜನ ಲೋಹವನ್ನು ಮೊದಲು ಆರಿಸಿ, ಆಮೇಲೆ ಆಲ್ಕೋಹಾಲನ್ನು ಅದಕ್ಕೆ ಒಗ್ಗಿಸಲು ಹೋಗುತ್ತಾರೆ. ಅಲ್ಲೇ ಒಂದು ಸೆಮಿಸ್ಟರ್ ಕಳೆದುಹೋಗುತ್ತದೆ.

ಎರಡನೆಯದು ಎಲ್ಲಿ ನಿಲ್ಲಬೇಕು ಎಂಬುದು. ಪ್ರೈಮರಿ ಆಲ್ಕೋಹಾಲ್ ಆಲ್ಡಿಹೈಡ್ ಆಗಿ, ಅಲ್ಲಿ ನಿಲ್ಲದೆ ಆಮ್ಲ ಆಗಿಬಿಡಬಹುದು. ಕಳ್ಳು ವಿನೆಗರ್ ಆಗುವುದು ಹಾಗೇ.

ಮೂರನೆಯದು ನಿಮ್ಮ ಲ್ಯಾಬ್. ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆ ಎಳೆಯುವ ಗೂಡು) ಸರಿಯಾಗಿ ಎಳೆಯುತ್ತದೆಯಾ? ಕರೆಂಟ್ ಎಷ್ಟು ಹೊತ್ತು ಇರುತ್ತದೆ? ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಸಣ್ಣ ಪ್ರಶ್ನೆ ಅಲ್ಲ. ಗಾಳಿಯ ತೇವವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಆ ಗಾಳಿ, ಮತ್ತು ಪೇಪರ್‌ಗಳಲ್ಲಿ ಬರೆದ ಒಣ ಗಾಳಿ, ಎರಡೂ ಒಂದೇ ಅಲ್ಲ.

ನಾಲ್ಕನೆಯದು ದುಡ್ಡು, ಮತ್ತು ಕೊನೆಗೆ ಮಾಲಿನಲ್ಲಿ ಉಳಿಯುವ ಲೋಹ. ಔಷಧಿಗೆ ಹೋಗುವ ವಸ್ತುವಾದರೆ ಇದು ದೊಡ್ಡ ಲೆಕ್ಕ. ಬಾಯಿಂದ ತಗೊಳ್ಳುವ ಔಷಧಿಯಲ್ಲಿ ದಿನಕ್ಕೆ ಪಲ್ಲಾಡಿಯಂ 100 ಮೈಕ್ರೋಗ್ರಾಂ ದಾಟಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ತಾಮ್ರಕ್ಕೆ ಅದೇ ಮಿತಿ 3,000 ಮೈಕ್ರೋಗ್ರಾಂ.

ಗಾಳಿ ಎಷ್ಟು ಬೇಕು?

ಲೋಹಗಳಿಗೆ ಹೋಗುವ ಮೊದಲು ಈ ಒಂದು ಲೆಕ್ಕ ಮಾಡಿಬಿಡಿ. ಯಾರೂ ಮಾಡುವುದಿಲ್ಲ, ಆಮೇಲೆ ಕ್ಯಾಟಲಿಸ್ಟನ್ನು ಬೈಯುತ್ತಾರೆ.

ಒಂದು ಮೋಲ್ ಆಲ್ಕೋಹಾಲ್ ಆಲ್ಡಿಹೈಡ್ ಆಗಿ ಜೊತೆಗೆ ನೀರು ಬರಬೇಕಾದರೆ ಅರ್ಧ ಮೋಲ್ ಆಕ್ಸಿಜನ್ ಬೇಕು. ಒಂದು ಮಿಲಿಮೋಲ್‌ಗೆ ಸುಮಾರು 12 ಮಿ.ಲೀ. ಆಕ್ಸಿಜನ್. ಗಾಳಿಯಲ್ಲಿ ಆಕ್ಸಿಜನ್ ಐದರಲ್ಲಿ ಒಂದು ಪಾಲು, ಹಾಗಾಗಿ ಸುಮಾರು 60 ಮಿ.ಲೀ. ಗಾಳಿ. ಬಾಯಿ ತೆರೆದ ಫ್ಲಾಸ್ಕಿನಲ್ಲಿ, ಜೋರಾಗಿ ಸ್ಟಿರ್ ಮಾಡಿದರೆ, ಇದು ತಾನಾಗಿ ಸಿಗುತ್ತದೆ. ಅದೇ ನೀವು 10.8 ಗ್ರಾಂ ಬೆಂಜೈಲ್ ಆಲ್ಕೋಹಾಲ್ ತಗೊಂಡರೆ ಆರು ಲೀಟರ್ ಗಾಳಿಯ ಆಕ್ಸಿಜನ್ ದ್ರಾವಣದೊಳಗೆ ಕರಗಬೇಕು. ಕಿರಿದಾದ ಕುತ್ತಿಗೆಯ ಫ್ಲಾಸ್ಕಿನಲ್ಲಿ ಮೆಲ್ಲಗೆ ತಿರುಗುವ ಸ್ಟಿರರ್ ಇಟ್ಟು ಅದು ಆಗಲಿ ಅಂದರೆ ಆಗುವುದಿಲ್ಲ. ಆಗ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಒಳಗೆ ಬಿಡಬೇಕು. ಗುಳ್ಳೆ ಬಿಟ್ಟರೆ ಸಾಲ್ವೆಂಟ್ (ಎಲ್ಲವನ್ನೂ ಕರಗಿಸಿಟ್ಟ ದ್ರವ) ಆವಿ ಹೊರಗೆ ಬರುತ್ತದೆ, ಆವಿ ಬಂದರೆ ಬೆಂಕಿಯ ಭಯ. ಗಾಳಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಅದನ್ನು ಜೋಪಾನವಾಗಿ ಒಳಗೆ ಕಳಿಸುವುದಕ್ಕೆ ಕೊಡಬೇಕು.

ಕೆಲವರು ಬೇಗ ಆಗಲಿ ಎಂದು ಶುದ್ಧ ಆಕ್ಸಿಜನ್ ಬಲೂನ್ ಕಟ್ಟುತ್ತಾರೆ. ಟಾಲ್ವೀನ್, ಅಸಿಟೋನೈಟ್ರೈಲ್ ಎರಡರ ಆವಿಯೂ ಕೋಣೆಯ ಬಿಸಿಗೇ ಬೆಂಕಿ ಹತ್ತುವಂಥದ್ದು. ಅಂಥ ಆವಿಯ ಮೇಲೆ ಶುದ್ಧ ಆಕ್ಸಿಜನ್, ಕೆಳಗೆ 80 ಡಿಗ್ರಿಯ ಹಾಟ್ ಪ್ಲೇಟ್. ಕೋಣೆಯ ಬಿಸಿಯಲ್ಲಿ ಬರೀ ಗಾಳಿಯಿಂದ ಆಗುವ ಕೆಲಸಕ್ಕೆ ದಯವಿಟ್ಟು ಇದನ್ನು ಮಾಡಬೇಡಿ. ದೊಡ್ಡ ಪ್ರಮಾಣದಲ್ಲಿ ಮಾಡುವವರು ಶುದ್ಧ ಆಕ್ಸಿಜನ್ ಬಿಡಿ, ಮಾಮೂಲಿ ಗಾಳಿಯನ್ನೂ ಬಳಸುವುದಿಲ್ಲ. ನೈಟ್ರೋಜನ್‌ನಲ್ಲಿ ನೂರಕ್ಕೆ 8–9 ಪಾಲು ಮಾತ್ರ ಆಕ್ಸಿಜನ್ ಬೆರೆಸಿದ ಅನಿಲವನ್ನು ಒತ್ತಡದಲ್ಲಿ ಕಳಿಸುತ್ತಾರೆ. ಅಷ್ಟು ಕಡಿಮೆ ಇದ್ದರೆ ಆವಿಗೆ ಬೆಂಕಿ ಹತ್ತುವುದಿಲ್ಲ.

ತಾಮ್ರ ಮತ್ತು ಟೆಂಪೋ

ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಇದನ್ನೇ. ತಾಮ್ರದ ಲವಣ, ಬೈಪಿರಿಡಿನ್, ಎನ್-ಮಿಥೈಲ್‌ಇಮಿಡಜೋಲ್, ಮತ್ತು ಟೆಂಪೋ ಎಂಬ ಕೆಂಪು-ಕಿತ್ತಳೆ ಹರಳು. ಟೆಂಪೋ ಅಂದರೆ ನೈಟ್ರಾಕ್ಸಿಲ್ ರಾಡಿಕಲ್, ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಅಣು. ರಾಡಿಕಲ್ ಆದರೂ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದಾದಷ್ಟು ಶಾಂತ. ತಾಮ್ರ-ಟೆಂಪೋ ಜೋಡಿಯನ್ನು ಸೆಮ್ಮೆಲ್‌ಹ್ಯಾಕ್ ಅವರ ಗುಂಪು 1984ರಲ್ಲೇ ತೋರಿಸಿತ್ತು. 2003ರಲ್ಲಿ ಶೆಲ್ಡನ್ ಗುಂಪು ಅದಕ್ಕೆ ಬೈಪಿರಿಡಿನ್ ಸೇರಿಸಿತು. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹೂವರ್ ಮತ್ತು ಸ್ಟಾಲ್ ಅದನ್ನು ಯಾರು ಬೇಕಾದರೂ ಮಾಡುವ ಹಾಗೆ ಸರಿಪಡಿಸಿದರು. ಅಸಿಟೋನೈಟ್ರೈಲ್ ಸಾಲ್ವೆಂಟ್, ಕೋಣೆಯ ಬಿಸಿ, ತೆರೆದ ಗಾಳಿ. ಇಷ್ಟೇ.

ಇದು ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಾಗುತ್ತದೆ. ಆಲ್ಕೋಹಾಲ್ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಆಗ ತಾಮ್ರ ಒಂದು ಎಲೆಕ್ಟ್ರಾನ್, ಟೆಂಪೋ ಇನ್ನೊಂದು ಎಲೆಕ್ಟ್ರಾನ್ ತಗೊಳ್ಳುತ್ತವೆ. ಇಬ್ಬರು ಸೇರಿ ಎತ್ತುವ ಹೊರೆ. ಆಮೇಲೆ ಗಾಳಿಯ ಆಕ್ಸಿಜನ್ ಎರಡನ್ನೂ ಮೊದಲಿನ ಸ್ಥಿತಿಗೆ ತರುತ್ತದೆ. ಗ್ಯಾಲಕ್ಟೋಸ್ ಆಕ್ಸಿಡೇಸ್ ಎಂಬ ಎನ್‌ಜೈಮ್ ಕೂಡ ತಾಮ್ರ ಮತ್ತು ಒಂದು ರಾಡಿಕಲ್ ಇಟ್ಟುಕೊಂಡೇ ಪ್ರೈಮರಿ ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡುತ್ತದೆ. ನನಗೆ ಈ ಹೋಲಿಕೆ ಪ್ರತಿ ಸಲ ಪಾಠ ಮಾಡುವಾಗಲೂ ಖುಷಿ ಕೊಡುತ್ತದೆ.

ಟೆಂಪೋದ ನೈಟ್ರೋಜನ್ ಸುತ್ತ ನಾಲ್ಕು ಮಿಥೈಲ್ ಗುಂಪುಗಳು ಕಿಕ್ಕಿರಿದು ನಿಂತಿವೆ. ಪ್ರೈಮರಿ ಆಲ್ಕೋಹಾಲ್ ತೆಳ್ಳಗಿದೆ, ಆ ಸಂದಿಯಲ್ಲಿ ನುಗ್ಗುತ್ತದೆ. ಸೆಕೆಂಡರಿ ಆಲ್ಕೋಹಾಲ್‌ಗೆ ಜಾಗ ಸಾಲದು. ಹಾಗಾಗಿ ಎರಡೂ ಇರುವ ಅಣುವಿನಲ್ಲಿ ಪ್ರೈಮರಿ ಮಾತ್ರ ಬದಲಾಗುತ್ತದೆ. ನಿಮಗೆ ಬೇಕಾದದ್ದು ಅದೇ ಆದರೆ ಇದಕ್ಕಿಂತ ಒಳ್ಳೆಯ ವಿಧಾನ ಹುಡುಕಬೇಡಿ. ನಿಮ್ಮದು ಸೆಕೆಂಡರಿಯೇ ಆದರೆ ಟೆಂಪೋ ಬದಲು ಎ.ಬಿ.ಎನ್.ಓ. ಎಂಬ ಕಡಿಮೆ ಕಿಕ್ಕಿರಿದ ನೈಟ್ರಾಕ್ಸಿಲ್ ಹಾಕಬಹುದು. ಸ್ಟಾಲ್ ಗುಂಪು 2013ರಲ್ಲಿ ಅದನ್ನೂ ತೋರಿಸಿದೆ. ಆದರೆ ಅದು ಟೆಂಪೋಗಿಂತ ತುಂಬಾ ದುಬಾರಿ. ಕಾಲೇಜಿನ ಬಜೆಟ್ಟಿಗೆ ನಾನು ಸಲಹೆ ಕೊಡುವುದಿಲ್ಲ.

ಆಲ್ಡಿಹೈಡ್‌ನಲ್ಲೇ ನಿಲ್ಲುವುದರಲ್ಲೂ ಈ ಜೋಡಿ ಒಳ್ಳೆಯದು. ಬೆಂಜಾಲ್ಡಿಹೈಡ್ ಗಾಳಿಯಲ್ಲಿ ಸುಮ್ನೆ ಬಿಟ್ಟರೂ ಬೆಂಜೋಯಿಕ್ ಆಮ್ಲ ಆಗುತ್ತದೆ, ರಾಡಿಕಲ್ ಸರಪಳಿಯ ಮೂಲಕ. ಟೆಂಪೋ ಆ ಸರಪಳಿಯನ್ನು ಅಲ್ಲೇ ಕತ್ತರಿಸುತ್ತದೆ. ಸಿನ್ನಮೈಲ್ ಆಲ್ಕೋಹಾಲ್ ಹಾಕಿದರೆ ಸಿನ್ನಮಾಲ್ಡಿಹೈಡ್ ಬರುತ್ತದೆ, ಫ್ಲಾಸ್ಕಿನಿಂದ ಚಕ್ಕೆಯ ವಾಸನೆ. ಜೆರಾನಿಯಾಲ್ ಹಾಕಿದರೆ ನಿಂಬೆ ವಾಸನೆಯ ಜೆರಾನಿಯಲ್. ಮಕ್ಕಳಿಗೆ ಆ ವಾಸನೆಯೇ ಅರ್ಧ ಪಾಠ. ಮೂಸಿ ನೋಡುವುದು ಮಾತ್ರ ದೂರದಿಂದ, ಕೈ ಬೀಸಿ, ಮೂಗು ಬಾಟಲಿಗೆ ಇಟ್ಟಲ್ಲ.

ಗಂಧಕ, ಅಮೈನ್ ಇದ್ದರೂ ಇದು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಎರಡು ಕಡೆ ಎಚ್ಚರ ಬೇಕು. ತುದಿಯಲ್ಲಿ ಟ್ರಿಪಲ್ ಬಾಂಡ್ ಇದ್ದರೆ, ತಾಮ್ರ, ಬೇಸ್, ಆಕ್ಸಿಜನ್ ಮೂರೂ ಸೇರಿದ ಜಾಗದಲ್ಲಿ ಎರಡು ಅಣುಗಳು ಒಂದಕ್ಕೊಂದು ಜೋಡಿಯಾಗಬಹುದು. ಗ್ಲೇಸರ್ ಜೋಡಣೆ ಅಂತ ಓದಿದ್ದೀರಲ್ಲ, ಅದೇ. ಫಿನಾಲ್ ಇದ್ದರೂ ತಾಮ್ರ ಅದನ್ನು ಬಿಡದೆ ಎಳೆದಾಡಬಹುದು. ವೆನಿಲ್ಲಾ ಬೆಳೆಯುವ ಊರಿನ ಮಕ್ಕಳು ವೆನಿಲೈಲ್ ಆಲ್ಕೋಹಾಲಿನಿಂದ ವೆನಿಲಿನ್ ಮಾಡೋಣ ಎಂದು ಆಸೆಪಡುತ್ತಾರೆ. ಅದರಲ್ಲಿ ಫಿನಾಲ್ ಇದೆ. ಮೊದಲು 20 ಮಿ.ಗ್ರಾಂ. ಹಾಕಿ ಟಿ.ಎಲ್.ಸಿ. (ಕ್ರಿಯೆ ಎಲ್ಲಿಗೆ ಬಂತೆಂದು ಚುಕ್ಕೆಗಳಲ್ಲಿ ತೋರಿಸುವ ಪ್ಲೇಟು) ನೋಡಿ, ಆಮೇಲೆ ಮುಂದಿನ ಮಾತು.

ಮಲೆನಾಡಿನಲ್ಲಿ ಇದರ ತೊಂದರೆ ಇಡುವುದರಲ್ಲಿ. ಟೆಂಪೋ ಕರಗುವುದು 36–38 ಡಿಗ್ರಿಯಲ್ಲಿ. ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನಕ್ಕೆ ಬಾಟಲಿಯಲ್ಲೇ ಕರಗಿ ಮುದ್ದೆಯಾಗುತ್ತದೆ. ಫ್ರಿಜ್‌ನಲ್ಲೇ ಇಡಿ. ಏಕವೇಲೆನ್ಸಿಯ ತಾಮ್ರದ ಲವಣಗಳು ಮಳೆಗಾಲದ ಗಾಳಿಗೆ ಹಸಿರಾಗುತ್ತವೆ. ಉದ್ದ ಸರಪಳಿಯ ಆಲ್ಕೋಹಾಲ್‌ಗೆ ತಾಮ್ರದ ಟ್ರೈಫ್ಲೇಟ್ ಲವಣ ಉತ್ತಮ, ಆದರೆ ಅದು ಇನ್ನೂ ಸೂಕ್ಷ್ಮ, ಬೆಲೆಯೂ ಜಾಸ್ತಿ. ಬೆಂಜೈಲಿಕ್ ಆಲ್ಕೋಹಾಲ್‌ಗೆ ಏಕವೇಲೆನ್ಸಿಯ ತಾಮ್ರದ್ದೇ ಆದ ಕ್ಯೂಪ್ರಸ್ ಬ್ರೋಮೈಡ್ ಸಾಕು. ಒಂದು ಸಲ ಬೇಸಿಗೆಯಲ್ಲಿ ನಾನು ಬಾಯಿ ತೆರೆದ ಫ್ಲಾಸ್ಕನ್ನು ರಾತ್ರಿ ತಿರುಗಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಅಸಿಟೋನೈಟ್ರೈಲ್ ಪೂರ್ತಿ ಹಾರಿ, ತಳದಲ್ಲಿ ಹಸಿರು ಅಂಟು ಮಾತ್ರ ಇತ್ತು. ಈಗ ಮೇಲೆ ಕಂಡೆನ್ಸರ್ ಇಟ್ಟು ಅದರ ಬಾಯಿ ತೆರೆದಿಡುತ್ತೇನೆ.

ಕಬ್ಬಿಣ, ಟೆಂಪೋ, ಉಪ್ಪು

ಸೆಕೆಂಡರಿ ಆಲ್ಕೋಹಾಲ್ ಇದೆ, ಕೈಯಲ್ಲಿ ದುಡ್ಡು ಕಡಿಮೆ ಅಂದರೆ ಇದು. ಶಾಂಘೈನ ಶೆಂಗ್‌ಮಿಂಗ್ ಮಾ ಗುಂಪು 2011ರಲ್ಲಿ ಪ್ರಕಟಿಸಿದ ವಿಧಾನ: ಫೆರಿಕ್ ನೈಟ್ರೇಟ್, ಟೆಂಪೋ, ಮತ್ತು ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಉಪ್ಪು. ಮೂರೂ ನೂರು ಮೋಲ್ ಆಲ್ಕೋಹಾಲ್‌ಗೆ ಹತ್ತು ಮೋಲ್‌ನಷ್ಟು. ಕೋಣೆಯ ಬಿಸಿ. ಅಡುಗೆಮನೆಯ ಅಯೋಡಿನ್ ಉಪ್ಪು ಬೇಡ, ಲ್ಯಾಬ್‌ನ ಬಾಟಲಿಯದ್ದೇ ಹಾಕಿ.

ಇಲ್ಲಿ ನೈಟ್ರೇಟ್‌ನಿಂದ ಬರುವ ನೈಟ್ರೋಜನ್ ಆಕ್ಸೈಡ್‌ಗಳೇ ಗಾಳಿಯ ಆಕ್ಸಿಜನ್ ಮತ್ತು ಟೆಂಪೋ ನಡುವೆ ಓಡಾಡುವ ಹಮಾಲರು. ಅವು ಟೆಂಪೋವನ್ನು ಆಕ್ಸೋಅಮೋನಿಯಂ (ಒಂದು ಎಲೆಕ್ಟ್ರಾನ್ ಕಳೆದುಕೊಂಡ ಟೆಂಪೋ) ಮಾಡುತ್ತವೆ, ಅದು ಆಲ್ಕೋಹಾಲನ್ನು ಆಕ್ಸಿಡೈಸ್ ಮಾಡುತ್ತದೆ. ಪ್ರೈಮರಿ, ಸೆಕೆಂಡರಿ ಎರಡೂ ಆಗುತ್ತವೆ. ಟ್ರಿಪಲ್ ಬಾಂಡ್ ಪಕ್ಕದ ಆಲ್ಕೋಹಾಲ್‌ಗಳೂ ಆಗುತ್ತವೆ. ತಾಮ್ರ ತಡವರಿಸುವ ಜಾಗದಲ್ಲಿ ಕಬ್ಬಿಣ ಸಲೀಸಾಗಿ ಹೋಗುತ್ತದೆ. ಆಮ್ಲವೇ ಬೇಕು ಅನ್ನುವವರಿಗೂ ಅದೇ ಗುಂಪು 2016ರಲ್ಲಿ ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ದಾರಿ ತೋರಿಸಿದೆ.

ಕೊಡಬೇಕಾದ ಬೆಲೆ ಮೂರು ಕಡೆ ಇದೆ. ಒಂದು, ಸಾಲ್ವೆಂಟ್. ಮೂಲ ವಿಧಾನದಲ್ಲಿ ಇರುವುದು ಡೈಕ್ಲೋರೋಈಥೇನ್. ಕ್ಲೋರಿನ್ ಇರುವ ವಿಷ. ಕ್ರೋಮಿಯಂ ಬಿಟ್ಟು ಇದನ್ನು ಸಿಂಕಿಗೆ ಸುರಿದರೆ ನಾವು ಏನೂ ಗಳಿಸಿದಂತಾಗಲಿಲ್ಲ. ಬೇರೆ ಡಬ್ಬಿಯಲ್ಲಿ ಶೇಖರಿಸಲೇಬೇಕು. ಎರಡು, ನೈಟ್ರೋಜನ್ ಆಕ್ಸೈಡ್ ಹೊಗೆ. ಹುಡ್ ಕೆಲಸ ಮಾಡದ ಲ್ಯಾಬ್‌ನಲ್ಲಿ ಇದನ್ನು ಮಾಡಿಸಬೇಡಿ. ಮೂರು, ದ್ರಾವಣ ಆಮ್ಲೀಯ. ಅಣುವಿನ ಬೇರೆ ಗುಂಪುಗಳಿಗೆ ತಾತ್ಕಾಲಿಕವಾಗಿ ತೊಡಿಸಿದ ಅಸಿಟಾಲ್ ಅಥವಾ ಸೈಲಿಲ್ ರಕ್ಷಣೆ ಇದ್ದರೆ ಕಳಚಿ ಹೋಗಬಹುದು. ಅಮೈನ್ ಇರುವ ಅಣುವಿಗೂ ಇದು ಹೇಳಿದ್ದಲ್ಲ.

ಫೆರಿಕ್ ನೈಟ್ರೇಟ್ ಬಾಟಲಿ ಜುಲೈನಲ್ಲಿ ತೆರೆದು ನೋಡಿದ್ದೀರಾ? ಜಾಡಿಯ ಉಪ್ಪು ನೀರಾಗುವ ಹಾಗೆ ಅದೂ ನೀರಾಗಿರುತ್ತದೆ. ತೂಕ ಮಾಡಿದರೆ ಕಬ್ಬಿಣದ ಜೊತೆ ಮಳೆಯನ್ನೂ ತೂಗಿದ ಹಾಗೆ. ಸಣ್ಣ ಬಾಟಲಿ ಕೊಳ್ಳಿ, ಡೆಸಿಕೇಟರ್‌ನಲ್ಲಿ ಇಡಿ.

ಪಲ್ಲಾಡಿಯಂ

ಶಂಕರಘಟ್ಟದ ಹುಡುಗಿಗೆ ಇದರ ಮೇಲೇ ಮನಸ್ಸು ಇತ್ತು. ಯಾಕೆಂದರೆ ಓದುವುದಕ್ಕೆ ಇದು ಬಹಳ ಚಂದ. ಆಲ್ಕೋಹಾಲ್ ಎರಡು ವೇಲೆನ್ಸಿಯ ಪಲ್ಲಾಡಿಯಂಗೆ ಅಂಟುತ್ತದೆ, ಬೀಟಾ ಹೈಡ್ರೋಜನ್ (ಓ.ಎಚ್. ಇದ್ದ ಕಾರ್ಬನ್ನಿನ ಹೈಡ್ರೋಜನ್) ಲೋಹಕ್ಕೆ ಹೋಗುತ್ತದೆ, ಕೀಟೋನ್ ಬಿಡುಗಡೆ. ಉಳಿಯುವುದು ಶೂನ್ಯ ವೇಲೆನ್ಸಿಯ ಪಲ್ಲಾಡಿಯಂ. ಅಲ್ಲಿಂದ ಎರಡು ದಾರಿ. ಆಕ್ಸಿಜನ್ ಬೇಗ ಸಿಕ್ಕರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಸಿಗದಿದ್ದರೆ ಪಕ್ಕದ ಪಲ್ಲಾಡಿಯಂ ಪರಮಾಣುಗಳ ಜೊತೆ ಗುಂಪುಗೂಡಿ ಕಪ್ಪು ಪುಡಿಯಾಗಿ ತಳ ಸೇರುತ್ತದೆ. ಈ ಓಟದಲ್ಲಿ ಆಕ್ಸಿಜನ್ ಗೆಲ್ಲುವ ಹಾಗೆ ಮಾಡುವುದೇ ಪಿರಿಡಿನ್, ಅಮೈನ್, ಡಿ.ಎಂ.ಎಸ್.ಓ. ಇವುಗಳ ಕೆಲಸ.

ಜಪಾನಿನ ಉಎಮುರಾ ಗುಂಪಿನ ವಿಧಾನ 1998–99ರದ್ದು: ಪಲ್ಲಾಡಿಯಂ ಅಸಿಟೇಟ್, ಪಿರಿಡಿನ್, ಮಾಲಿಕ್ಯುಲರ್ ಸೀವ್ (ನೀರು ಹೀರುವ ಸಣ್ಣ ರಂಧ್ರಗಳ ಖನಿಜ), ಟಾಲ್ವೀನ್, 80 ಡಿಗ್ರಿ. 2000ದಲ್ಲಿ ಶೆಲ್ಡನ್ ಗುಂಪು ನೀರಿನಲ್ಲೇ ಕರಗುವ ಪಲ್ಲಾಡಿಯಂ ಕ್ಯಾಟಲಿಸ್ಟ್ ಮಾಡಿತು. ಸಾಲ್ವೆಂಟ್ ನೀರು ಅಂದರೆ ಬೆಂಕಿಯ ಭಯ ಎಷ್ಟೋ ಕಡಿಮೆ. ಆದರೆ 100 ಡಿಗ್ರಿ, 30 ಬಾರ್ ಗಾಳಿಯ ಒತ್ತಡ. ಆಟೋಕ್ಲೇವ್ (ಒತ್ತಡ ತಡೆಯುವ ಪಾತ್ರೆ) ಇಲ್ಲದವರಿಗೆ ಅದು ಬರೀ ಓದುವ ಸುಖ.

ಪಲ್ಲಾಡಿಯಂ ನಿಜವಾಗಿ ಬೇಕಾಗುವುದು ಎಲ್ಲಿ? ಬಲಗೈ-ಎಡಗೈ ರೂಪಗಳ ಮಿಶ್ರಣವಾದ ಸೆಕೆಂಡರಿ ಆಲ್ಕೋಹಾಲ್‌ನಲ್ಲಿ ಒಂದನ್ನು ಮಾತ್ರ ಆಕ್ಸಿಡೈಸ್ ಮಾಡಿ ಇನ್ನೊಂದನ್ನು ಉಳಿಸಬೇಕಾದಾಗ. ಸ್ಪಾರ್ಟಿನ್ ಎಂಬ ಗಿಡದ ಆಲ್ಕಲಾಯ್ಡ್ ಜೊತೆ ಸೇರಿಸಿ ಇದನ್ನು 2001ರಲ್ಲಿ ಸ್ಟೋಲ್ಟ್ಸ್ ಮತ್ತು ಸಿಗ್ಮನ್ ಅವರ ಗುಂಪುಗಳು ಬೇರೆ ಬೇರೆಯಾಗಿ ತೋರಿಸಿದವು. ತಾಮ್ರ-ಟೆಂಪೋಗೆ ಆ ಕೈಚಳಕ ಇಲ್ಲ.

ಹಾಗಲ್ಲದೆ ಮಾಮೂಲಿ ಆಕ್ಸಿಡೇಶನ್‌ಗೆ ಇದನ್ನು ತಗೊಳ್ಳುವುದು ದುಂದು ಅನ್ನುವುದು ನನ್ನ ಅಭಿಪ್ರಾಯ. ಅಣುವಿನಲ್ಲಿ ಗಂಧಕ ಇದ್ದರೆ ಲೋಹ ಅಲ್ಲೇ ಸಿಕ್ಕಿಬೀಳುತ್ತದೆ. ತುದಿಯ ಡಬಲ್ ಬಾಂಡ್ ಇದ್ದರೆ ಅದರ ಜೊತೆಯೂ ಕ್ರಿಯೆ ನಡೆಸುತ್ತದೆ. ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯಲು ಸೀವ್ ಬೇಕು. ಒಂದು ಆಗಸ್ಟ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಲ್ಯಾಬ್‌ನಲ್ಲಿ ತೆರೆದಿಟ್ಟ ಡಬ್ಬಿಯ ಸೀವ್ ಹಾಕಿ ಶುರು ಮಾಡಿದೆವು. ನಡುವೆ ಕರೆಂಟ್ ಹೋಗಿ ಸ್ಟಿರರ್ ನಿಂತಿತು. ಒಂದು ಗಂಟೆಯ ನಂತರ ಬಂದು ನೋಡಿದರೆ ಫ್ಲಾಸ್ಕಿನ ಗೋಡೆಗೆಲ್ಲ ಕಪ್ಪು. ಸ್ಟಿರ್ ನಿಂತರೆ ಆಕ್ಸಿಜನ್ ಕರಗುವುದಿಲ್ಲ, ಆಕ್ಸಿಜನ್ ಇಲ್ಲದಿದ್ದರೆ ಪಲ್ಲಾಡಿಯಂ ಕಾಯುವುದಿಲ್ಲ. ತಾಮ್ರವಾದರೆ ಕರೆಂಟ್ ಬಂದ ಮೇಲೆ ಮತ್ತೆ ತಿರುಗಿಸಿದರೆ ಸಾಮಾನ್ಯವಾಗಿ ಮುಂದುವರಿಯುತ್ತದೆ. ಹುಡುಗಿಗೆ ಹೇಳಿದ್ದೂ ಇಷ್ಟೇ: ನಿನ್ನ ಪ್ರಾಜೆಕ್ಟಿನ ಹನ್ನೆರಡು ಆಲ್ಕೋಹಾಲ್‌ಗಳಲ್ಲಿ ಒಂಬತ್ತು ಪ್ರೈಮರಿ. ಅವಕ್ಕೆ ತಾಮ್ರ ಹಾಕು. ಉಳಿದ ಮೂರಕ್ಕೆ ಕಬ್ಬಿಣ ನೋಡು.

ಒಂದು ಎಚ್ಚರಿಕೆ. ಕಾರ್ಬನ್ ಮೇಲಿನ ಪಲ್ಲಾಡಿಯಂ ಪುಡಿ ಒಣಗಿದ್ದಾಗ ಮೆಥನಾಲ್ ಆವಿ ಮತ್ತು ಗಾಳಿ ತಾಗಿದರೆ ತಾನಾಗಿ ಬೆಂಕಿ ಹತ್ತುತ್ತದೆ. ಅದನ್ನು ಸೋಸಿದ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ, ನೀರಿನಲ್ಲಿ ಒದ್ದೆ ಮಾಡಿ ಬೇರೆ ಇಡಿ.

ರುಥೇನಿಯಂ ಮತ್ತು ಚಿನ್ನ

ರುಥೇನಿಯಂ ಎರಡು ರೂಪದಲ್ಲಿ ಬರುತ್ತದೆ. ಟಿ.ಪಿ.ಎ.ಪಿ. (ಟೆಟ್ರಾಪ್ರೊಪೈಲ್‌ಅಮೋನಿಯಂ ಪರ್‌ರುಥೆನೇಟ್) ಎಂಬ ಲವಣ 1987ರಿಂದ ಲ್ಯಾಬ್‌ಗಳಿಗೆ ಪರಿಚಿತ. 1997ರಿಂದ ಅದನ್ನು ಬರೀ ಆಕ್ಸಿಜನ್ ಜೊತೆಗೂ ನಡೆಸುತ್ತಾರೆ. ಅದಕ್ಕೂ ಒಣ ಸೀವ್ ಬೇಕು, ಬೆಲೆಯೂ ಹೆಚ್ಚು. ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು. 2002ರಲ್ಲಿ ಟೋಕಿಯೋದ ಯಾಮಾಗುಚಿ ಮತ್ತು ಮಿಝುನೊ ಅಲ್ಯೂಮಿನಾ ಪುಡಿಯ ಮೇಲೆ ರುಥೇನಿಯಂ ಹೈಡ್ರಾಕ್ಸೈಡ್ ಕೂರಿಸಿದರು. ರುಥೇನಿಯಂ ಕ್ಲೋರೈಡ್ ದ್ರಾವಣದಲ್ಲಿ ಅಲ್ಯೂಮಿನಾ ಕಲಸಿ, ಸೋಸಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ತೊಳೆದರೆ ಆಯಿತು. ನಮ್ಮ ಲ್ಯಾಬ್‌ನಲ್ಲೇ ಮಾಡಿಕೊಳ್ಳಬಹುದು. ಪ್ರೈಮರಿ, ಸೆಕೆಂಡರಿ ಎರಡಕ್ಕೂ ನಡೆಯುತ್ತದೆ. ಗಂಧಕದ ಥಯೋಫೀನ್, ನೈಟ್ರೋಜನ್‌ನ ಪಿರಿಡಿನ್ ಇರುವ ಆಲ್ಕೋಹಾಲ್‌ಗಳಿಗೂ ಹೆದರುವುದಿಲ್ಲ. ಕೆಲಸ ಮುಗಿದ ಮೇಲೆ ಸೋಸಿ, ತೊಳೆದು, ಮತ್ತೆ ಹಾಕಬಹುದು. ಮೊದಲ ಖರ್ಚು ದೊಡ್ಡದು, ಆದರೆ ಒಂದೇ ಆಲ್ಕೋಹಾಲನ್ನು ವರ್ಷಪೂರ್ತಿ ಮಾಡುವವರಿಗೆ ಹಂಚಿಕೊಂಡರೆ ಹಗುರ. 80 ಡಿಗ್ರಿಯ ಆಸುಪಾಸಿನ ಬಿಸಿ ಬೇಕು ಎಂಬುದೊಂದೇ ಕೊರತೆ. ಬಿಸಿಯಿದ್ದಾಗಲೇ ಒಂದಿಷ್ಟು ಸೋಸಿ, ಸೋಸಿದ ನೀರಿನಂಥ ದ್ರಾವಣದಲ್ಲಿ ಕ್ರಿಯೆ ಮುಂದುವರಿಯುತ್ತದೆಯಾ ಎಂದು ಒಮ್ಮೆ ನೋಡಿ. ಮುಂದುವರಿದರೆ ಲೋಹ ಕರಗಿ ಹೊರಗೆ ಬರುತ್ತಿದೆ ಎಂದರ್ಥ.

ಚಿನ್ನದ ಬಗ್ಗೆ ಎರಡೇ ಮಾತು. ಸೀರಿಯಂ ಆಕ್ಸೈಡ್ ಮೇಲಿನ ಚಿನ್ನದ ನ್ಯಾನೋಕಣಗಳನ್ನು ಕೊರ್ಮಾ ಗುಂಪು 2005ರಲ್ಲಿ, ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಮೇಲಿನ ಚಿನ್ನ-ಪಲ್ಲಾಡಿಯಂ ಜೋಡಿಯನ್ನು ಹಚ್ಚಿಂಗ್ಸ್ ಗುಂಪು 2006ರಲ್ಲಿ ತೋರಿಸಿತು. ಸಾಲ್ವೆಂಟೇ ಬೇಡ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಕಣದ ಗಾತ್ರ ಅಳೆಯಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಸಿಗದಿದ್ದರೆ ನಿಮ್ಮ ಪುಡಿ ಯಾಕೆ ಕೆಲಸ ಮಾಡಿತು, ಯಾಕೆ ಮಾಡಲಿಲ್ಲ ಎಂದು ಗೊತ್ತೇ ಆಗುವುದಿಲ್ಲ. ಪಿಎಚ್.ಡಿ.ಗೆ ಸರಿ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಬೇಡ.

ಸಾಗರದವರಿಗೆ ಯಾಕೆ ಬೇಡ ಅಂದೆ

ಅವರ ಬಳಿ ಜೆರಾನಿಯಾಲ್ ಹೆಚ್ಚಿರುವ ಹುಲ್ಲಿನ ಎಣ್ಣೆ ಇದೆ. ಅದನ್ನು ಸಿಟ್ರಾಲ್ (ಜೆರಾನಿಯಲ್ ಇರುವ, ನಿಂಬೆ ವಾಸನೆಯ ಆಲ್ಡಿಹೈಡ್) ಮಾಡಿ ಮಾರಬೇಕು ಎಂಬ ಯೋಚನೆ, ಒಂದು ಸಲಕ್ಕೆ ಒಂದು ಕಿಲೋ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಜೆರಾನಿಯಾಲ್ ಅಂದರೆ ಸುಮಾರು ಆರೂವರೆ ಮೋಲ್. ಅದಕ್ಕೆ 400 ಲೀಟರ್ ಆಸುಪಾಸು ಗಾಳಿ, ಬೆಂಕಿ ಹತ್ತುವ ಸಾಲ್ವೆಂಟಿನ ಮೂಲಕ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡುವ ಕೆಲಸ ಇದಲ್ಲ. ಮೇಲಾಗಿ, ಲೋಹ ಹಾಕಿ ಬದಲಾಯಿಸಿದ ವಸ್ತುವನ್ನು ಸಹಜ ಪರಿಮಳ ಎಂದು ಮಾರುವ ಹಾಗಿಲ್ಲ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸಿಟ್ರಾಲ್ ಮೊದಲೇ ನೂರಕ್ಕೆ 70–80 ಪಾಲು ಇರುತ್ತದೆ. ಸಿಟ್ರಾಲೇ ಬೇಕಿದ್ದರೆ ಎರಡು ಗುಂಟೆ ಆ ಹುಲ್ಲು ಹಾಕಿ, ಇರುವ ಬಟ್ಟಿಯಲ್ಲೇ ಇಳಿಸಿ, ಜೆರಾನಿಯಾಲ್ ಎಣ್ಣೆಯನ್ನು ಹಾಗೇ ಮಾರಿ ಎಂದೆ. ಅವರಿಗೆ ಮೊದಲು ಬೇಸರ ಆಯಿತು. ಆಮೇಲೆ ಜಾಗ ಯಾವುದು ಎಂದು ಯೋಚಿಸಲು ಶುರು ಮಾಡಿದರು.

ತೀರ್ಥಹಳ್ಳಿಯ ಮೇಷ್ಟ್ರಿಗೆ, ನಾಳೆಯೇ ಶುರು ಮಾಡುವುದಾದರೆ

ನಿಮ್ಮ ಕ್ಲಾಸಿಗೆ ತಾಮ್ರವೇ. ಒಬ್ಬ ವಿದ್ಯಾರ್ಥಿಗೆ ಒಂದು ಮಿಲಿಮೋಲ್ ಬೆಂಜೈಲಿಕ್ ಆಲ್ಕೋಹಾಲ್. ಕ್ಯೂಪ್ರಸ್ ಬ್ರೋಮೈಡ್ 7.2 ಮಿ.ಗ್ರಾಂ., ಬೈಪಿರಿಡಿನ್ 7.8 ಮಿ.ಗ್ರಾಂ., ಟೆಂಪೋ 7.8 ಮಿ.ಗ್ರಾಂ.; ಮೂರೂ ನೂರಕ್ಕೆ ಐದು ಮೋಲ್. ಮಿಥೈಲ್‌ಇಮಿಡಜೋಲ್ ನೂರಕ್ಕೆ ಹತ್ತು ಮೋಲ್, ಸುಮಾರು 8 ಮೈಕ್ರೋಲೀಟರ್. ನಿಮ್ಮ ತಕ್ಕಡಿ ಇಷ್ಟು ಸಣ್ಣದನ್ನು ತೂಗದಿದ್ದರೆ ಮೂವತ್ತು ಜನಕ್ಕೂ ಸೇರಿಸಿ ಬೈಪಿರಿಡಿನ್, ಟೆಂಪೋ, ಮಿಥೈಲ್‌ಇಮಿಡಜೋಲ್ ಮೂರನ್ನು ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, ಪಿಪೆಟ್‌ನಲ್ಲಿ ಹಂಚಿ. ಇಡೀ ಕ್ಲಾಸಿಗೆ ಟೆಂಪೋ ಕಾಲು ಗ್ರಾಂ ಕೂಡ ಆಗುವುದಿಲ್ಲ. ಅದೇ ನೂರಕ್ಕೆ ಐದು ಮೋಲ್ ಲೆಕ್ಕದಲ್ಲಿ ಪಲ್ಲಾಡಿಯಂ ಅಸಿಟೇಟ್ ಆಗಿದ್ದರೆ 337 ಮಿ.ಗ್ರಾಂ. ಬೇಕಿತ್ತು. ಎರಡರ ಬೆಲೆಯನ್ನು ನಿಮ್ಮ ಕೆಮಿಕಲ್ ಅಂಗಡಿಯಲ್ಲಿ ಕೇಳಿ ನೋಡಿ.

ದ್ರಾವಣ ಮೊದಲು ಕೆಂಪು-ಕಂದು ಬಣ್ಣದಲ್ಲಿ ಇರುತ್ತದೆ. ಆಲ್ಕೋಹಾಲ್ ಮುಗಿದಾಗ ಹಸಿರು-ನೀಲಿಗೆ ತಿರುಗುತ್ತದೆ. ಬೆಂಜೈಲಿಕ್ ಆಲ್ಕೋಹಾಲ್‌ಗಳಲ್ಲಿ ಈ ಬದಲಾವಣೆ ಕಣ್ಣಿಗೆ ಕಟ್ಟುವ ಹಾಗಿರುತ್ತದೆ, ಒಂದು ಪ್ರಾಕ್ಟಿಕಲ್ ಅವಧಿಯೊಳಗೇ ಕಾಣಸಿಗುತ್ತದೆ. ಟಿ.ಎಲ್.ಸಿ. ಪ್ಲೇಟಿಗೆ ಡೈನೈಟ್ರೋಫಿನೈಲ್‌ಹೈಡ್ರಜೀನ್ ಹಾಕಿದರೆ ಆಲ್ಡಿಹೈಡ್ ಕಿತ್ತಳೆ ಚುಕ್ಕೆಯಾಗಿ ಏಳುತ್ತದೆ. ಆಮೇಲೆ ಸಿಲಿಕಾದ ಗಿಡ್ಡ ಕಾಲಂ ಮೂಲಕ ಇಳಿಸಿದರೆ ತಾಮ್ರ ಮೇಲೇ ನಿಲ್ಲುತ್ತದೆ. ಆ ಸಿಲಿಕಾವನ್ನು ಮತ್ತು ನೀಲಿ ತೊಳೆನೀರನ್ನು ಒಂದು ಕ್ಯಾನಿನಲ್ಲಿ ಸೇರಿಸಿಡಿ, ಸಿಂಕಿಗೆ ಬೇಡ. ತಾಮ್ರ ನಮಗೆ ಸೌಮ್ಯ, ಹೊಳೆಯ ಮೀನಿಗೆ ಅಲ್ಲ.

ಸಿಕ್ಕಿದ ಬೆಂಜಾಲ್ಡಿಹೈಡನ್ನು ಮುಂದಿನ ವಾರದ ಕ್ಲಾಸಿಗೆ ಎಂದು ಹಾಗೇ ಕಪಾಟಿನಲ್ಲಿ ಇಡಬೇಡಿ. ಟೆಂಪೋ ಸಿಲಿಕಾದಲ್ಲಿ ಬೇರೆಯಾಗಿ ಹೋದ ಮೇಲೆ ಅದನ್ನು ಕಾಯುವವರು ಯಾರೂ ಇಲ್ಲ. ಚಿಕ್ಕ ಬಾಟಲಿಯಲ್ಲಿ ಕುತ್ತಿಗೆಯವರೆಗೂ ತುಂಬಿ, ಬಿಗಿಯಾಗಿ ಮುಚ್ಚಿ, ಫ್ರಿಜ್‌ನಲ್ಲಿಡಿ. ಮುಚ್ಚಳದ ಸುತ್ತ ಬಿಳಿ ಹರಳು ಕಂಡರೆ ಅದು ಬೆಂಜೋಯಿಕ್ ಆಮ್ಲ. ಬಳಸುವ ಮೊದಲು ಸೋಡಿಯಂ ಬೈಕಾರ್ಬೋನೇಟ್ ದ್ರಾವಣದಲ್ಲಿ ಒಮ್ಮೆ ತೊಳೆದುಕೊಳ್ಳಿ.